ಹಳೇ ವ್ಯಾನು, ಮುಚ್ಚಿದ ದಾರಿ

ಗಡಿ ಬಂದ್ ಅನ್ನೋ ಸುದ್ದಿ ಓದುವಾಗೆಲ್ಲ ನನಗೆ ಹಳೇ ವ್ಯಾನುಗಳು ನೆನಪಾಗುತ್ತವೆ. 1970ರ ದಶಕದಲ್ಲಿ ಯುರೋಪಿನ ಹುಡುಗ ಹುಡುಗಿಯರು ಹಳೇ ಫೋಕ್ಸ್‌ವ್ಯಾಗನ್ ವ್ಯಾನಿನಲ್ಲೇ ಅಡುಗೆ ಮಾಡ್ಕೊಂಡು, ಅದರಲ್ಲೇ ಮಲಗಿ, ಇಸ್ತಾಂಬುಲ್, ಟೆಹರಾನ್, ಕಾಬೂಲ್, ಲಾಹೋರ್ ದಾಟಿ ದೆಹಲಿಗೆ ಬರ್ತಿದ್ರು. ಕೆಲವರು ಗೋವಾವರೆಗೂ. ಹಿಂಬದಿಯಲ್ಲಿ ಎಂಜಿನ್, ರೇಡಿಯೇಟರೇ ಇಲ್ಲ, ಗಾಳಿಯೇ ಅದನ್ನು ತಣಿಸಬೇಕು. ಘಟ್ಟ ಹತ್ತುವಾಗ ಏದುಸಿರು. ಕೆಟ್ಟು ನಿಂತರೆ, ಭಾಷೆ ಗೊತ್ತಿಲ್ಲದ ಊರಿನ ಮೆಕ್ಯಾನಿಕ್ಕೇ ದೇವರು!

1979ರಲ್ಲಿ ಇರಾನಿನಲ್ಲಿ ಕ್ರಾಂತಿ. ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ. ಅಲ್ಲಿಗೆ ಆ ದಾರಿಯೇ ಮುಚ್ಚಿಹೋಯ್ತು.

ಗಡಿಯ ಜಗಳ ಬಂದಾಗ ಈ ಕುರ್ಚಿಯಲ್ಲಿ ಕೂತು ನಾನೂ ದನಿ ಏರಿಸಿದ್ದೀನಿ, ಒಪ್ಕೋತೀನಿ. ವ್ಯಾನ್ ಕೆಟ್ಟರೆ ಸ್ಪ್ಯಾನರ್ ಹಿಡಿದು ಯಾರೋ ಬರ್ತಾರೆ. ದೇಶ ದೇಶಗಳ ನಡುವಿನ ದಾರಿ ಕೆಟ್ಟರೆ? ಯೋಚನೆ ಮಾಡಿ.