ಕೈಗೆಟುಕದ ಸೆನ್ಸರ್
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಸಾಫ್ಟ್‌ವೇರಿನವನು, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದುಕೊಂಡಿರುತ್ತೀರಿ. ನಾನು ಹೇಳಹೊರಟಿರುವುದು ಕಾರಿನ ಒಂದು ಸಣ್ಣ ಭಾಗದ ವಿಷಯ: ಆಕ್ಸಿಜನ್ ಸೆನ್ಸರ್. ಕಾರಿಲ್ಲದವರು ಇದು ನಮಗಲ್ಲ ಅನ್ನಬೇಡಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಮೇಲೆ, ಗೇಟಿನ ಹತ್ತಿರ ನಿಲ್ಲಿಸಿದ್ದೀರಲ್ಲ, ಆ ಹೊಸ ಬೈಕುಗಳಲ್ಲೂ ಇದು ಇದೆ.

ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಈ ಸೆನ್ಸರ್ ತಿಳಿಸುತ್ತದೆ. ಎಂಜಿನ್ನಿನ ಕಂಪ್ಯೂಟರ್ ಅದನ್ನು ನೋಡಿಕೊಂಡು ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಒಳಗಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿ. ಹೆಂಚಿಗೆ ಹೆಸರಾದ ಮಾಲೂರು ತಾಲ್ಲೂಕಿನವರಿಗೆ ಅದರ ಗುಣ ಹೇಳಬೇಕಿಲ್ಲ: ಬೆಂಕಿ ತಡೆಯುತ್ತದೆ, ಕೈಜಾರಿದರೆ ಒಡೆಯುತ್ತದೆ. ಸುಮಾರು 300 ಡಿಗ್ರಿ ಕಾಯುವವರೆಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇಗ ಕಾಯಲಿ ಎಂದೇ ಒಳಗೊಂದು ಹೀಟರ್ ಇರುತ್ತದೆ.

ನಮ್ಮ ಚಿಕ್ಕಪ್ಪನವರ ಬಾಡಿಗೆ ಕಾರಿನಲ್ಲಿ ಎಂಜಿನ್ ದೀಪ ಹತ್ತಿಕೊಂಡಿತು, ಮೈಲೇಜ್ ಬಿತ್ತು. ದಿನಾ ಬೆಂಗಳೂರಿಗೆ ಓಡುವವರಿಗೆ ಪೆಟ್ರೋಲಿನಲ್ಲೇ ಅಲ್ಲವೇ ಲಾಭ ನಷ್ಟ? ಒಂದು ಕಡೆ, "ಆ ಬಲ್ಬನ್ನೇ ಕಿತ್ತುಬಿಡೋಣ ಯಜಮಾನ್ರೇ" ಅಂದರಂತೆ! ನಾನು ಸ್ಕ್ಯಾನರ್ ಹಾಕಿ ನೋಡಿದೆ. ಪಿ 0135 ಎಂದು ಬಂತು, ಅಂದರೆ ಹೀಟರ್ ಸರ್ಕ್ಯೂಟಿನ ದೋಷ. ಸೆನ್ಸರೇ ಕೆಟ್ಟಿದೆ ಎಂದು ಈ ನಂಬರ್ ಹೇಳುವುದಿಲ್ಲ. ಫ್ಯೂಸ್ ಹೋಗಿರಬಹುದು, ಇಲಿ ವೈರ್ ಕಡಿದಿರಬಹುದು. ನೋಡದೆ ಹೊಸದು ತಂದರೆ ಕೆಲವು ಸಾವಿರ ದಂಡ. ಫ್ಯೂಸ್, ವೈರ್ ಎರಡೂ ಸರಿಯಿದ್ದವು. ಮಲ್ಟಿಮೀಟರಿನಲ್ಲಿ ಕೆಲವೇ ಓಮ್ ತೋರಿಸಬೇಕಾದ ಹೀಟರ್ ಏನೂ ತೋರಿಸಲಿಲ್ಲ, ಒಳಗೆ ತುಂಡಾಗಿತ್ತು.

ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಸೆನ್ಸರ್ ಇದ್ದದ್ದು ಎಂಜಿನ್ನಿನ ಹಿಂದೆ, ತಗಡಿನ ಮರೆಯಲ್ಲಿ. ಕೈ ಹೋದರೆ ಕಣ್ಣಿಗೆ ಕಾಣದು, ಕಂಡರೆ ಕೈ ಹೋಗದು. ಅದನ್ನು ಬಿಚ್ಚಿದವನು ಇದೇ ಶಾಲೆಯಲ್ಲಿ ನನಗಿಂತ ಮೂರು ವರ್ಷ ಹಿಂದೆ ಇದ್ದವನು, ಐಟಿಐ ಮಾಡಿದವನು. "ಹೆಸರು ಹೇಳಬೇಡಣ್ಣ" ಅಂದಿದ್ದಾನೆ, ಹಿಂದಿನ ಸಾಲಿನಲ್ಲೇ ಕೂತಿದ್ದಾನೆ. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟ. ಬೆಳಿಗ್ಗೆ ಎಂಜಿನ್ ಎರಡು ನಿಮಿಷ ಓಡಿಸಿ, ಲೋಹ ಸ್ವಲ್ಪ ಬೆಚ್ಚಗಾದ ಮೇಲೆ ಕೈಗವಸು ಹಾಕಿಕೊಂಡ. ವೈರ್ ಹೊರಬರಲು ಪಕ್ಕದಲ್ಲಿ ಸೀಳಿರುವ 22ರ ಸಾಕೆಟ್. ಕಾಲು ಸುತ್ತು ಬಿಚ್ಚುವುದು, ತಿರುಗಿ ಬಿಗಿ ಮಾಡುವುದು, ಮತ್ತೆ ಎಣ್ಣೆ. ಜೋರು ಮಾಡಿದರೆ ಥ್ರೆಡ್ ಹೋಗುತ್ತದೆ, ಆಮೇಲೆ ಪೈಪಿಗೇ ಕೈ ಹಾಕಬೇಕು. ಬಿಚ್ಚಲು ಒಂದು ಗಂಟೆ ಹಿಡಿಯಿತು, ಹೊಸದು ಹಾಕಲು ಹತ್ತು ನಿಮಿಷ. ಮೊದಲ ಮೂರು ಸುತ್ತು ಬೆರಳಲ್ಲೇ ತಿರುಗಿಸಿದ.

ಬಿಇ ಮಾಡಿದವನನ್ನು ನಾವು ವೇದಿಕೆಗೆ ಕರೆಯುತ್ತೇವೆ, ಐಟಿಐ ಮಾಡಿದವನನ್ನು ಶಾಮಿಯಾನ ಕಟ್ಟಲು ಕರೆಯುತ್ತೇವೆ. ಇವನನ್ನು ಇವತ್ತು ಕರೆದದ್ದೂ ಮೈಕ್ ಸೆಟ್ ನೋಡಿಕೊಳ್ಳಲು ಎಂದು ಕೇಳಿದೆ. ಸಮಿತಿಯವರು ಬೇಸರ ಮಾಡಿಕೊಳ್ಳಬಾರದು.

ಆ ಹಳೆಯ ಸೆನ್ಸರನ್ನು ವಿಜ್ಞಾನದ ಮೇಷ್ಟ್ರಿಗೆ ಕೊಡುತ್ತಿದ್ದೇನೆ. ಒಂದು ಶನಿವಾರ ಬಂದು ಅದನ್ನು ಕೊಯ್ದು, ಒಳಗೇನಿದೆ ಎಂದು ಹತ್ತನೇ ತರಗತಿಗೆ ತೋರಿಸಲು ಅವನೇ ಒಪ್ಪಿದ್ದಾನೆ. ಸ್ಕ್ಯಾನರ್ ಹಿಡಿದುಕೊಂಡು ನಾನೂ ಬರುತ್ತೇನೆ.