ಕೆಡವಿದ ಮೇಲೆ ಬಂದ ಎಚ್ಚರ

1963ರಲ್ಲಿ ನ್ಯೂಯಾರ್ಕಿನ ಪೆನ್ ಸ್ಟೇಷನ್ ಕೆಡವಲು ಶುರುವಾಯಿತು. 1910ರಲ್ಲಿ ತೆರೆದ ಆ ರೈಲು ನಿಲ್ದಾಣಕ್ಕೆ ಅರಮನೆಯ ಗತ್ತಿತ್ತು. ಅದರ ಗ್ರಾನೈಟ್ ಕಂಬಗಳ ಎಷ್ಟೋ ತುಂಡುಗಳು ನ್ಯೂಜೆರ್ಸಿಯ ಜೌಗು ನೆಲ ಸೇರಿದವು. ಜನರ ಆಕ್ರೋಶ ತಣ್ಣಗಾಗಲಿಲ್ಲ. 1965ರಲ್ಲಿ ಆ ನಗರ ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ಕಾನೂನು ಮಾಡಿತು. ಮುಂದೆ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ ಉಳಿದದ್ದು ಅದೇ ಕಾನೂನಿನ ಬಲದಿಂದ.

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಕಥೆ ಬೇರೆ. ಹಳೆಯ ಪುಸ್ತಕದಂಗಡಿಗಳಿಗೆ ಹೆಸರಾದ, 1892ರ ಆ ಕಟ್ಟಡಕ್ಕೆ ಬುಲ್ಡೋಜರ್ ಬೇಕಾಗಲಿಲ್ಲ. 2012ರ ಆಗಸ್ಟಿನಲ್ಲಿ ಒಂದು ಭಾಗ ತಾನಾಗಿಯೇ ಕುಸಿದು ನಾಲ್ವರು ಸತ್ತರು. ಕೆಡವಬೇಕೋ, ದುರಸ್ತಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು.

ಲಿಂಗಸುಗೂರು ಸೀಮೆಯಲ್ಲೂ ಹಳೆಯ ಕಲ್ಲಿಗೆ ಬರವಿಲ್ಲ. ವಿಜಯನಗರದವರೂ ಬಹಮನಿಗಳೂ ಕೈಬದಲಿಸಿಕೊಂಡು ಕಾದಾಡಿದ ಮುದಗಲ್ ಕೋಟೆ ಲಿಂಗಸುಗೂರು ತಾಲ್ಲೂಕಿನಲ್ಲಿದೆ. ಅದರ ಅಗಲವಾದ ಕಂದಕ, ದಪ್ಪ ಗೋಡೆ, ಬುರುಜು ಇಂದಿಗೂ ಕಾಣುತ್ತವೆ. ಆದರೆ ಇಂಥ ಗೋಡೆ ಸಡಿಲಾಗಲು ಗಾರೆ ಬಿಟ್ಟ ಸಂದಿಯಲ್ಲಿ ಒಂದು ಆಲದ ಸಸಿ ಬೇರೂರಿದರೆ ಸಾಕು. ಬೇರು ದಪ್ಪವಾದಂತೆ ಕಲ್ಲು ಕಲ್ಲಿನಿಂದ ದೂರ ಸರಿಯುತ್ತದೆ, ಮಳೆನೀರು ಒಳಗಿಳಿಯುತ್ತದೆ.

ಇದೇ ಸೀಮೆಯ ಮಸ್ಕಿಯ ಬಂಡೆಯದಂತೂ ಅದೃಷ್ಟ. 1915ರಲ್ಲಿ ಅದರ ಮೇಲಿನ ಬರಹ ಕಂಡವನು ಗಣಿ ಎಂಜಿನಿಯರ್ ಬೀಡನ್. ಹುಡುಕಾಟ ಚಿನ್ನದ್ದು, ಸಿಕ್ಕಿದ್ದು ಶಾಸನದಲ್ಲಿ ಅಶೋಕನ ಹೆಸರು.