ಕೆಟ್ಟ ಸರಕಿಗೆ ಯಾರು ಹೊಣೆ?

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಆರಿಸಿಕೊಂಡಿರುವ ವಿಷಯವನ್ನು ಕೇಳಿ ತಮ್ಮಲ್ಲಿ ಕೆಲವರು ನಕ್ಕಾರು. ಪಗಾರ, ಬೋನಸ್ಸು, ರಜೆ, ಪ್ರಾವಿಡೆಂಟ್ ಫಂಡು ಇವುಗಳ ವಿಚಾರವಾಗಿ ಮಾತಾಡತಕ್ಕ ಸಭೆಯಲ್ಲಿ, ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನಿನ ಮಾತೇಕೆ ಎಂದು ಕೇಳಿಯಾರು. ಆದರೆ ಒಂದು ಮಾತನ್ನು ಯೋಚಿಸಿರಿ. ದುಡಿದ ಹಣ ನಮ್ಮ ಕೈಗೆ ಬರುವಾಗ ಆಗುವ ಅನ್ಯಾಯವನ್ನು ಎದುರಿಸಲು ನಾವು ಕಲಿತಿದ್ದೇವೆ. ಅದೇ ಹಣ ನಮ್ಮ ಕೈಬಿಟ್ಟು ಅಂಗಡಿಗೆ ಹೋಗುವಾಗ ಆಗುವ ಅನ್ಯಾಯವನ್ನು ಮಾತ್ರ ಹಣೆಬರಹವೆಂದು ನುಂಗಿಕೊಳ್ಳುತ್ತೇವೆ. ಹೀಗೆ ಒಂದು ಕೈಯಲ್ಲಿ ಗಳಿಸಿದ್ದನ್ನು ಇನ್ನೊಂದು ಕೈಯಲ್ಲಿ ಕಳೆದುಕೊಂಡರೆ ಬಂದ ಲಾಭವೇನು?

ಇಯರ್‌ಫೋನು ಶೋಕಿಯ ವಸ್ತುವೆಂದು ಹೇಳುವವರು ಹೋಟೆಲಿನ ಹುಡುಗರು ಮಲಗುವ ಕೋಣೆಯನ್ನು ನೋಡಿಲ್ಲ. ಎಂಟು ಹತ್ತು ಜನ ಸಾಲಾಗಿ ಮಲಗಿರುವಲ್ಲಿ, ಊರಿನಲ್ಲಿರುವ ತಾಯಿಯ ಕಾಹಿಲೆಯ ಸುದ್ದಿಯನ್ನೋ ಹೆಂಡತಿಯ ಕಷ್ಟಸುಖವನ್ನೋ ಪಕ್ಕದವನ ನಿದ್ದೆ ಕೆಡಿಸದೆ ಕೇಳಬೇಕಾದರೆ ಅವನಿಗಿರುವ ಸಾಧನ ಇದೊಂದೇ. ಬಾಗಿಲಿರುವ ಕೋಣೆ ಇಲ್ಲದವನಿಗೆ ಅದೇ ಬಾಗಿಲು. ಅಂಥದು ತಿಂಗಳೊಪ್ಪತ್ತಿನಲ್ಲಿ ಕೆಟ್ಟರೆ ಅವನ ಸಂಕಟ ಸಣ್ಣದಲ್ಲ.

ನಮ್ಮ ಜನ ಈ ಊರಿನಲ್ಲಿ ಮಾತ್ರವೇ ಇಲ್ಲ. ಉಡುಪಿ, ಕುಂದಾಪುರ, ಮಂಜೇಶ್ವರ, ಕಾಸರಗೋಡುಗಳ ಕಡೆಯ ಹುಡುಗರು ಕೇರಳದ ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ಹೋಟೆಲು ಕೆಲಸದಲ್ಲಿದ್ದಾರೆ. ಇಂದು ಅಲ್ಲಿರುವವನು ನಾಳೆ ಇಲ್ಲಿಗೆ ಬರುತ್ತಾನೆ, ಇಲ್ಲಿರುವವನು ಅಲ್ಲಿಗೆ ಹೋಗುತ್ತಾನೆ. ಆದುದರಿಂದ ಒಂದು ಉದಾಹರಣೆಯನ್ನು ಅಲ್ಲಿಂದಲೇ ಕಲ್ಪಿಸಿಕೊಳ್ಳೋಣ. ತಿರುವನಂತಪುರದ ಚಾಲೆ ಪೇಟೆಯಲ್ಲಿ ಒಬ್ಬ ಸಪ್ಲಾಯರ್ ಹುಡುಗ ೧,೦೦೦ ರೂಪಾಯಿ ಕೊಟ್ಟು ಇಯರ್‌ಫೋನು ಕೊಂಡನೆನ್ನಿ. ನಲವತ್ತನೆಯ ದಿನ ಒಂದು ಕಿವಿ ಸತ್ತಿತು. ಅಂಗಡಿಯವನು, "ನಮ್ಮದು ಮಾರಾಟ ಮಾತ್ರ, ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಹೋಗು" ಎಂದನು. ಆ ಕೇಂದ್ರ ಕೊಚ್ಚಿಯಲ್ಲಿದೆ. ನಡುವಿನ ದಾರಿ ಸುಮಾರು ೨೦೦ ಕಿಲೋಮೀಟರು. ಹೋಗಿ ಬರಲು ಒಂದು ದಿನದ ಸಂಬಳ ಹೋಗುತ್ತದೆ, ರೈಲಿನ ಖರ್ಚು ಬೇರೆ. ಅಷ್ಟಾಗಿ ಅಲ್ಲಿಗೆ ಹೋದರೆ, "ನೀರು ತಾಗಿದೆ, ವಾರಂಟಿ ಇಲ್ಲ" ಎಂಬ ಉತ್ತರ ಬರಬಹುದು. ಹುಡುಗನು ಲೆಕ್ಕ ಹಾಕಿ ನೋಡಿ, ಹೊಸದನ್ನೇ ಕೊಳ್ಳುವುದು ಮೇಲೆಂದು ಕೆಟ್ಟದ್ದನ್ನು ಮೂಲೆಗೆಸೆಯುತ್ತಾನೆ. ಸೋದರರೇ, ಕೆಟ್ಟ ಸರಕಿನ ವ್ಯಾಪಾರ ನಿಂತಿರುವುದು ಈ ಲೆಕ್ಕದ ಮೇಲೆಯೇ. ಬಡವನಿಗೆ ರಜೆ ಇಲ್ಲ, ಅವನು ತಿರುಗಿ ಬರಲಾರ ಎಂಬ ಧೈರ್ಯವೇ ಅದರ ಬಂಡವಾಳ.

ಇನ್ನು ನಮ್ಮ ಕೆಲಸದ ರೀತಿಯನ್ನು ನೋಡಿರಿ. ಗಿರಾಕಿಯೊಬ್ಬರು ಚಟ್ನಿ ಹಳಸಿದೆಯೆಂದರೆ ನಾವೇನು ಮಾಡುತ್ತೇವೆ? ತಟ್ಟೆಯನ್ನು ತೆಗೆದು ಬೇರೆ ತಂದಿಡುತ್ತೇವೆ. "ಒಮ್ಮೆ ಬಡಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ" ಎಂದು ಗೋಡೆಗೆ ಬೋರ್ಡು ಹಾಕಿದರೆ ಆ ಹೋಟೆಲು ಎಷ್ಟು ದಿನ ನಡೆದೀತು? ಗಿರಣಿಯ ಹಿರಿಯರು ಇನ್ನೊಂದು ಸಂಗತಿಯನ್ನು ಬಲ್ಲರು. ಹಿಂದೆ ಮುಂಬಯಿಯ ಗಿರಣಿಗಳಲ್ಲಿ ನೇಯ್ಗೆ ಕೆಟ್ಟರೆ ಆ ಬಟ್ಟೆಯನ್ನು ನೇಕಾರನ ತಲೆಗೇ ಕಟ್ಟಿ, ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವ ಪದ್ಧತಿ ಇತ್ತು. ೧೯೩೬ರ ವೇತನ ಪಾವತಿ ಕಾಯಿದೆಯು ಇಂಥ ಕಡಿತಗಳಿಗೆ ಮಿತಿ ಹಾಕಿತು. ಕಾರ್ಮಿಕನ ಕೈಯಿಂದ ಕೆಟ್ಟ ಸರಕು ಬಂದಾಗ ಅವನನ್ನು ಹೊಣೆಗಾರನನ್ನಾಗಿ ಮಾಡಿದ ಲೋಕವು, ಕಾರ್ಖಾನೆಯಿಂದ ಕೆಟ್ಟ ಸರಕು ಬಂದಾಗ ಕೊಂಡವನನ್ನೇ ಹೊಣೆಗಾರನನ್ನಾಗಿ ಮಾಡುವುದು ಯಾವ ನ್ಯಾಯ?

ನ್ಯಾಯವಲ್ಲವೆಂದು ಕಾನೂನೂ ಹೇಳಿದೆ. ೧೯೩೦ರ ಸರಕು ಮಾರಾಟ ಕಾಯಿದೆಯಲ್ಲೇ, ಆ ಬಗೆಯ ಸರಕನ್ನು ಮಾರುವ ವ್ಯಾಪಾರಿಯಿಂದ ಕೊಂಡ ವಸ್ತುವಿಗೆ ಮಾರಾಟಕ್ಕೆ ತಕ್ಕ ಗುಣವಿರಬೇಕು ಎಂಬ ಷರತ್ತು ಇದೆ. ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ವ್ಯವಹಾರದೊಳಗೇ ಅದು ಅಡಗಿರುತ್ತದೆ. ೧೯೬೨ರ ಮಾರ್ಚ್ ೧೫ರಂದು ಅಮೆರಿಕದ ಅಧ್ಯಕ್ಷ ಕೆನಡಿಯವರು ತಮ್ಮ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಗ್ರಾಹಕರಿಗೆ ನಾಲ್ಕು ಹಕ್ಕುಗಳನ್ನು ಹೇಳಿದರು: ಸುರಕ್ಷತೆ, ತಿಳುವಳಿಕೆ, ಆಯ್ಕೆ, ಮತ್ತು ತನ್ನ ಮಾತು ಕೇಳಲ್ಪಡುವ ಹಕ್ಕು. ನಮ್ಮ ದೇಶದಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದದ್ದು ೧೯೮೬ರಲ್ಲಿ. ಅದರ ಸ್ಥಾನದಲ್ಲಿ ೨೦೧೯ರ ಹೊಸ ಕಾಯಿದೆಯು ೨೦೨೦ರ ಜುಲೈ ತಿಂಗಳಿಂದ ಜಾರಿಯಲ್ಲಿದೆ. ನಮ್ಮಂಥವರಿಗೆ ಅದರಲ್ಲಿ ಏನಿದೆಯೆಂಬುದನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು, ದೂರು ಕೊಡುವ ಸ್ಥಳ. ಹಳೆಯ ಕಾಯಿದೆಯಲ್ಲಿ ಎದುರುಪಕ್ಷದವನು ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ದೂರು ಕೊಡಬೇಕಾಗಿತ್ತು. ಈಗ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ಕೊಡಬಹುದು. ತಿರುವನಂತಪುರದಲ್ಲಿ ಕೊಂಡು, ಕೊಚ್ಚಿಗೆ ಬದಲಾದವನು ಎರ್ನಾಕುಳಂ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಬಹುದು; ಮುಂಬಯಿಗೆ ಬಂದವನು ಇಲ್ಲಿಯೇ ಕೊಡಬಹುದು. ಊರು ಬಿಟ್ಟು ಊರಿಗೆ ದುಡಿಯಹೋಗುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಎರಡನೆಯದು, ಖರ್ಚು. ಕೊಟ್ಟ ಬೆಲೆ ೫ ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ಸರ್ಕಾರದ ಇ-ಜಾಗೃತಿ ಎಂಬ ಜಾಲತಾಣದಲ್ಲಿ ದೂರನ್ನು ಸಲ್ಲಿಸಬಹುದು. ವಿಚಾರಣೆಗೆ ವೀಡಿಯೋ ಮೂಲಕ ಹಾಜರಾಗಲು ಅನುಮತಿ ಕೇಳಬಹುದು.

ಮೂರನೆಯದು, ಉಡುಗೊರೆಯ ಮಾತು. ನೀವು ಕೊಂಡು ಊರಿನ ತಂಗಿಗೆ ಕಳಿಸಿದ ವಸ್ತು ಕೆಟ್ಟರೆ, ನಿಮ್ಮ ಒಪ್ಪಿಗೆಯಿಂದ ಬಳಸುವ ಅವಳೂ ಕಾನೂನಿನ ಕಣ್ಣಿನಲ್ಲಿ ಗ್ರಾಹಕಳೇ.

ನಾಲ್ಕನೆಯದು, ಆ ಬೋರ್ಡಿನ ಮಾತು. "ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ" ಎಂದು ರಸೀದಿಯ ಅಡಿಯಲ್ಲಿ ಅಚ್ಚು ಹಾಕುವುದನ್ನು ತಾವೆಲ್ಲ ಕಂಡಿದ್ದೀರಿ. ದೋಷವಿರುವ ಸರಕಿಗೆ ಈ ಮಾತು ನಡೆಯದು. ಅಂಥ ಸರಕನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ ೩೦ ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ಕಾಯಿದೆ ಹೇಳುತ್ತದೆ. ರಸೀದಿ ಕೊಡದಿರುವುದೂ ಹಾಗೆಯೇ. ೩೦ ದಿನ ಕಳೆದರೆ ಹಕ್ಕೇ ಹೋಯಿತೆಂದು ಭಾವಿಸಬೇಡಿ. ದೋಷದ ಬಗೆಗೆ ದೂರು ಕೊಡಲು, ದೂರಿನ ಕಾರಣ ಹುಟ್ಟಿದ ದಿನದಿಂದ ೨ ವರ್ಷಗಳ ಕಾಲಾವಕಾಶವಿದೆ. ನಮ್ಮ ಉದಾಹರಣೆಯ ಹುಡುಗನ ನಲವತ್ತು ದಿನ ಅವನಿಗೆ ಅಡ್ಡಿಯಲ್ಲ.

ಆದರೆ ಹಕ್ಕಿನ ಮಾತು ಹೇಳುವಾಗ ಕರ್ತವ್ಯದ ಮಾತನ್ನೂ ಹೇಳಬೇಕು. ಕೆಟ್ಟದ್ದೆಲ್ಲ ತಯಾರಕನ ದೋಷವಲ್ಲ. ಅಂಗಿಯ ಜೇಬಿನಲ್ಲಿಟ್ಟು ಮರೆತು ಸೋಪಿನ ನೀರಿನಲ್ಲಿ ಒಗೆದರೆ, ತಂತಿಯನ್ನು ಹಿಡಿದು ಜಗ್ಗಿದರೆ, ಅದು ನಮ್ಮದೇ ತಪ್ಪು. ಹಾಗಾದರೆ ದೋಷವನ್ನು ಗುರುತಿಸುವುದು ಹೇಗೆ? ತಂತಿಯೊಳಗೆ ಕೂದಲಿನಷ್ಟು ತೆಳುವಾದ ತಾಮ್ರದ ಎಳೆಗಳಿರುತ್ತವೆ. ಪಿನ್ನಿನ ಹತ್ತಿರ ತಂತಿ ದಿನವೂ ಬಾಗುವುದರಿಂದ ಅಲ್ಲಿ ಮೆತ್ತನೆಯ, ಗಟ್ಟಿಯಾದ ಕವಚವಿರಬೇಕು. ಅಲ್ಲಿ ಬಾಗಿಸಿದಾಗ ಮಾತ್ರ ಧ್ವನಿ ಬಂದು ಬಿಟ್ಟರೆ ಹೋಗುತ್ತದೆಂದರೆ ಒಳಗಿನ ಎಳೆ ತುಂಡಾಗಿದೆ ಎಂದರ್ಥ. ಸಾಧಾರಣ ಬಳಕೆಯಲ್ಲಿ ಒಂದೆರಡು ತಿಂಗಳೊಳಗೇ ಹೀಗಾದರೆ ಮಾಡಿದವನ ಕೆಲಸವನ್ನು ಶಂಕಿಸಲು ಕಾರಣವಿದೆ. ತಂತಿಯಿಲ್ಲದ ಬಗೆಯದರಲ್ಲಿ ಚಿಕ್ಕ ಬ್ಯಾಟರಿ ಇರುತ್ತದೆ. ಅದು ವರ್ಷಗಳಲ್ಲಿ ಸವೆಯುವುದು ಸಹಜ, ವಾರಗಳಲ್ಲಿ ಸಾಯುವುದು ಸಹಜವಲ್ಲ.

ಕೊಚ್ಚಿಯ ಹವೆಯನ್ನೂ ಅಡುಗೆಮನೆಯ ಹಬೆಯನ್ನೂ ಬಲ್ಲವರು ಇನ್ನೊಂದು ಮಾತನ್ನು ಗಮನಿಸಬೇಕು. ಪೆಟ್ಟಿಗೆಯ ಮೇಲೆ ಐಪಿಎಕ್ಸ್ ೪ ಎಂದು ಬರೆದಿದ್ದರೆ, ಯಾವ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆಂದು ಮಾತ್ರ ಅರ್ಥ. ಆ ಪರೀಕ್ಷೆ ನಡೆಯುವುದು ಶುದ್ಧ ನೀರಿನಿಂದ. ಇಡ್ಲಿ ಪಾತ್ರೆಯ ಹಬೆಗೂ ಉಪ್ಪಿನ ಬೆವರಿಗೂ ಅದು ಭರವಸೆಯಲ್ಲ. ಆದರೆ ಬೆವರಿನಿಂದ ಕೆಡುವುದಿಲ್ಲವೆಂದು ಪೆಟ್ಟಿಗೆಯ ಮೇಲೆಯೇ ಜಾಹೀರು ಮಾಡಿ, ಬೆವರಿನಿಂದ ಕೆಟ್ಟಾಗ "ನೀರು ತಾಗಿದೆ" ಎನ್ನುವವನು ತನ್ನ ಮಾತಿಗೆ ತಾನೇ ಹೊಣೆಯಾಗುತ್ತಾನೆ. ಆದುದರಿಂದ ಪೆಟ್ಟಿಗೆಯನ್ನು ಎಸೆಯಬೇಡಿ, ಅದು ನಿಮ್ಮ ಸಾಕ್ಷಿ.

ಕೊಳ್ಳುವ ಮುನ್ನ ಪೆಟ್ಟಿಗೆಯನ್ನು ತಿರುಗಿಸಿ ಓದಿರಿ. ತಯಾರಕ ಅಥವಾ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಬೆಲೆ, ತಯಾರಾದ ತಿಂಗಳು ವರ್ಷ, ದೂರಿನ ಫೋನ್ ನಂಬರು, ಇಷ್ಟೂ ಅಲ್ಲಿ ಇರಬೇಕು. ತಂತಿಯಿಲ್ಲದ ಇಯರ್‌ಫೋನಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತೂ ಇರತಕ್ಕದ್ದು. ಕೊಚ್ಚಿಯ ಮೇನಕೆಯ ಬಳಿಯ ಮೊಬೈಲು ಅಂಗಡಿಗಳ ಸಾಲಿನಲ್ಲಾಗಲಿ, ಚಾಲೆ ಪೇಟೆಯಲ್ಲಾಗಲಿ, ನಮ್ಮ ಊರಿನ ಫುಟ್‌ಪಾತಿನಲ್ಲಾಗಲಿ ಕೊಳ್ಳಿರಿ. ಹೆಸರು ವಿಳಾಸವಿಲ್ಲದ ಪೆಟ್ಟಿಗೆಯನ್ನೂ ರಸೀದಿ ಕೊಡದ ವ್ಯಾಪಾರವನ್ನೂ ದೂರವಿಡಿರಿ. ಐವತ್ತು ರೂಪಾಯಿ ಉಳಿಸಲೆಂದು ರಸೀದಿ ಬಿಟ್ಟವನಿಗೆ ಮುಂದೆ ನಿಲ್ಲಲು ನೆಲವಿಲ್ಲ. ರಸೀದಿಯ ಶಾಯಿ ಕೆಲವು ತಿಂಗಳಲ್ಲಿ ಮಾಸಿಹೋಗುವುದುಂಟು. ಅದೇ ದಿನ ಫೋನಿನಲ್ಲಿ ಅದರ ಚಿತ್ರ ತೆಗೆದಿಡಿ.

ಕೆಟ್ಟ ಮೇಲೆ ಏನು ಮಾಡಬೇಕು? ಅಂಗಡಿಯವನೊಡನೆ ಜಗಳ ಬೇಡ. ಕೊಂಡ ದಿನ, ಕೆಟ್ಟ ದಿನ, ಕೆಟ್ಟ ರೀತಿ, ನಿಮ್ಮ ಬೇಡಿಕೆ ಈ ನಾಲ್ಕನ್ನು ಬರೆದು ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಪ್ರತಿಯನ್ನು ಇಟ್ಟುಕೊಳ್ಳಿ. "ನೀರು ತಾಗಿದೆ" ಎಂದರೆ ಅದನ್ನು ಬರಹದಲ್ಲಿ ಕೊಡಿರೆಂದು ಕೇಳಿ. ಜೊತೆಗೆ ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ. ಅಲ್ಲಿ ಕನ್ನಡದಲ್ಲಿಯೂ ಹೇಳಿಕೊಳ್ಳಬಹುದು. ಅವರು ತೀರ್ಪು ಕೊಡುವವರಲ್ಲ, ಆದರೆ ನಿಮ್ಮ ದೂರನ್ನು ಕಂಪನಿಗೆ ಮುಟ್ಟಿಸುತ್ತಾರೆ. ಇದಕ್ಕೂ ಬಗ್ಗದಿದ್ದರೆ ಜಿಲ್ಲಾ ಆಯೋಗ. ದೋಷವುಂಟೋ ಇಲ್ಲವೋ ಎಂಬುದು ಪರೀಕ್ಷೆಯಿಲ್ಲದೆ ತಿಳಿಯದಿದ್ದರೆ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಲ್ಲದು. ದೋಷ ಸಿದ್ಧವಾದರೆ ರಿಪೇರಿಗೋ, ಹೊಸದಕ್ಕೋ, ಹಣ ಮರಳಿಸುವುದಕ್ಕೋ, ಪರಿಹಾರಕ್ಕೋ ಆಜ್ಞೆ ಮಾಡುತ್ತದೆ. ಆಜ್ಞೆಯನ್ನು ಮೀರಿದವನಿಗೆ ಜೈಲು, ದಂಡಗಳೂ ಉಂಟು. ಒಪ್ಪದವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಕೇರಳದ ರಾಜ್ಯ ಆಯೋಗವಿರುವುದು ತಿರುವನಂತಪುರದ ವಳುದಕ್ಕಾಡಿನಲ್ಲಿ.

ಇದೆಲ್ಲ ಕೂಡಲೇ ಆಗುತ್ತದೆಂದು ಹೇಳಿ ನಾನು ತಮ್ಮನ್ನು ಮರುಳು ಮಾಡಲಾರೆ. ಪರೀಕ್ಷೆ ಬೇಡದ ದೂರನ್ನು ೩ ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದನ್ನು ೫ ತಿಂಗಳಲ್ಲಿ ತೀರಿಸಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ನಡೆಯುವಾಗ ಎಷ್ಟೋ ವೇಳೆ ಹೆಚ್ಚಾಗುತ್ತದೆ. ಮಥುರೆಯ ರೈಲು ನಿಲ್ದಾಣದಲ್ಲಿ ೧೯೯೯ರಲ್ಲಿ ಟಿಕೇಟಿಗೆ ೨೦ ರೂಪಾಯಿ ಹೆಚ್ಚು ತೆಗೆದುಕೊಂಡರೆಂದು ಒಬ್ಬರು ದೂರು ಕೊಟ್ಟರು. ಅವರಿಗೆ ನ್ಯಾಯ ಸಿಕ್ಕಿದ್ದು ೨೦೨೨ರಲ್ಲಿ. ಆ ೨೦ ರೂಪಾಯಿ ಬಡ್ಡಿಯೊಡನೆ, ಮೇಲೆ ೧೫,೦೦೦ ರೂಪಾಯಿ. ಅವರು ಸ್ವತಃ ವಕೀಲರು, ಆದುದರಿಂದ ಅಷ್ಟು ಕಾಲ ನಡೆಸಿದರು. ದೋಸೆಕಲ್ಲಿನ ಮುಂದೆ ನಿಂತು ದುಡಿಯುವ ಒಬ್ಬನಿಂದ ಅದು ಸಾಧ್ಯವೇ?

ಒಬ್ಬನಿಂದ ಕಷ್ಟ. ಆದರೆ ನಾವು ಸಂಘ ಕಟ್ಟಿಕೊಂಡಿರುವುದು ಯಾತಕ್ಕಾಗಿ? ಒಂದೇ ಸರಕಿನಿಂದ, ಒಂದೇ ರೀತಿಯಲ್ಲಿ ಮೋಸಹೋದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ಒಂದೇ ದೂರು ಕೊಡಬಹುದೆಂದು ಕಾಯಿದೆಯಲ್ಲಿಯೇ ಇದೆ. ಒಂದು ಹೋಟೆಲಿನ ಹತ್ತು ಹುಡುಗರು ಒಂದೇ ಬಗೆಯ ಇಯರ್‌ಫೋನು ಕೊಂಡು ಹತ್ತೂ ಕೆಟ್ಟಿದ್ದರೆ, ಹತ್ತು ಮಂದಿ ಹತ್ತು ದಿನದ ಸಂಬಳ ಕಳೆದುಕೊಳ್ಳಬೇಕಾಗಿಲ್ಲ; ಒಬ್ಬನು ಹೋಗಿ ಬಂದರೆ ಸಾಕು.

ಆದುದರಿಂದ ಅಧ್ಯಕ್ಷರಲ್ಲಿಯೂ ಕಾರ್ಯಕಾರಿ ಸಮಿತಿಯಲ್ಲಿಯೂ ನನ್ನದೊಂದು ಸೂಚನೆ ಇದೆ. ವಾರಕ್ಕೆ ಒಂದು ಸಂಜೆ, ಹೋಟೆಲಿನ ಹುಡುಗರಿಗೆ ಬಿಡುವು ಸಿಗುವ ಹೊತ್ತಿನಲ್ಲಿ, ಸಂಘದ ಕಚೇರಿಯಲ್ಲಿ ಬರೆಯಬಲ್ಲ ಒಬ್ಬರು ಕುಳಿತಿರಲಿ. ಯಾರು ಯಾವ ರಸೀದಿ ತಂದರೂ ಅವರಿಗಾಗಿ ಒಂದು ಕಾಗದ ಬರೆದುಕೊಡಲಿ, ದೂರನ್ನು ಕಂಪ್ಯೂಟರಿನಲ್ಲಿ ತುಂಬಿಕೊಡಲಿ. ಕೊಚ್ಚಿ, ತಿರುವನಂತಪುರಗಳಲ್ಲಿರುವ ನಮ್ಮ ಹುಡುಗರು ಫೋನಿನಲ್ಲಿ ಕೇಳಿದರೆ ಅವರಿಗೂ ದಾರಿ ಹೇಳಲಿ. ಇದಕ್ಕೆ ಒಂದು ಮೇಜು, ಎರಡು ಕುರ್ಚಿ ಬೇಕು, ಅಷ್ಟೇ. ಈ ಸಭೆಯಲ್ಲಿಯೇ ಇದನ್ನು ನಿರ್ಣಯವಾಗಿ ಸ್ವೀಕರಿಸಬೇಕೆಂದು ತಮ್ಮೆಲ್ಲರಲ್ಲಿ ವಿನಂತಿಸುತ್ತೇನೆ.